ಕಾಡು ಟರ್ಕಿಯ ಮೊದಲ ಬೇಟೆ: ಮಿಸೌರಿಯಲ್ಲಿ ಮರಸು ಕೂರುವವರಿಗೆ

ಮರಸು ಎಂದರೆ ಏನು ಎಂಬುದು ಮಲೆನಾಡಿನ, ಕೊಡಗಿನ ಹಳಬರಿಗೆ ಗೊತ್ತು. ಪ್ರಾಣಿ ಬರುವ ದಾರಿಯನ್ನು ಮೊದಲೇ ನೋಡಿಟ್ಟುಕೊಂಡು, ಮರೆಯಲ್ಲಿ ಅಲುಗಾಡದೆ ಕುಳಿತು ಕಾಯುವ ಬೇಟೆ ಅದು. ಇನ್ನೊಂದು ಬಗೆ ಸೋವು. ಹತ್ತಾರು ಜನ ನಾಯಿಗಳೊಂದಿಗೆ ಕೂಗುತ್ತ ಹಳು ನುಗ್ಗಿ ಪ್ರಾಣಿಯನ್ನು ಕೋವಿಯ ಎದುರಿಗೆ ಓಡಿಸುತ್ತಾರೆ. ವಿರಾಜಪೇಟೆಯ ಕಡೆಯ ನನ್ನ ಅಜ್ಜ ಹೇಳುತ್ತಿದ್ದ ಕತೆಗಳೆಲ್ಲ ಸೋವಿನವು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಬೇಟೆ ಮುಗಿಯಿತು. ನಮ್ಮ ಪಾಲಿಗೆ ಉಳಿದದ್ದು ಕೈಲ್ ಮುಹೂರ್ತದ ದಿನದ ಕೋವಿ ಪೂಜೆ ಮತ್ತು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹಾಗೆಯೇ ಇರಬೇಕು, ನಮ್ಮ ಕಾಡುಗಳಲ್ಲಿ ಇಂದು ಬೇಟೆಗೆ ಜಾಗವಿಲ್ಲ.

ಅಮೆರಿಕದ ಮಿಸೌರಿಗೆ ಬಂದು ನೆಲೆಸಿದ ಮೇಲೆ, ಕಾನೂನಿನ ಚೌಕಟ್ಟಿನೊಳಗೆ ಬೇಟೆಯಾಡಿ ಆ ಮಾಂಸವನ್ನೇ ಉಣ್ಣುವ ಜನರ ನಡುವೆ ನಾನೂ ಕಾಡು ಟರ್ಕಿ ಎಂಬ, ಕೋಳಿಯ ಬಳಗದ ದೊಡ್ಡ ಹಕ್ಕಿಯ ಹಿಂದೆ ಬಿದ್ದೆ. ಮೊದಲ ಎರಡು ವಸಂತ ಬರಿಗೈಯಲ್ಲಿ ಮರಳಿದೆ. ಕೂಗು ಕೇಳಿದ ಕಡೆಗೆ ನಾನೇ ನುಗ್ಗುತ್ತಿದ್ದೆ, ತಲೆಯಲ್ಲಿ ಅಜ್ಜನ ಸೋವು ಕುಳಿತಿತ್ತು. ಟರ್ಕಿ ಮರಸು ಕೂತವರ ಹಕ್ಕಿ. ಮೂರನೆಯ ವಸಂತದಲ್ಲಿ ಅದನ್ನು ಒಪ್ಪಿಕೊಂಡೆ, ಹಕ್ಕಿ ಸಿಕ್ಕಿತು. ಇಲ್ಲಿರುವ ಕನ್ನಡಿಗರಲ್ಲಿ ಯಾರಾದರೂ ಮೊದಲ ಸಲ ಹೊರಡುವುದಾದರೆ ಅವರಿಗೆ ನೆರವಾಗಲೆಂದು ಕಲಿತದ್ದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರ

ಕೋವಿ ಮುಟ್ಟುವ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಎಚ್‌-1ಬಿ, ಎಫ್‌-1ರಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಅಥವಾ ತೋಟಾ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಊರ್ಜಿತ ಬೇಟೆ ಪರವಾನಗಿ ಕೈಯಲ್ಲಿದ್ದರೆ ಅದಕ್ಕೆ ವಿನಾಯಿತಿ ಇದೆ. ಅಂದರೆ ಪರವಾನಗಿ ಮೊದಲು, ಕೋವಿ ಆಮೇಲೆ. ಗೆಳೆಯನ ಕೋವಿಯನ್ನು ಗುರಿ ಅಭ್ಯಾಸಕ್ಕೆ ಹಿಡಿಯುವುದೂ ಆಮೇಲೆಯೇ. ಪರವಾನಗಿಯ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧವಿಲ್ಲ. ತಪ್ಪಿದರೆ ದಂಡ ಕಟ್ಟಿ ಬಿಡಿಸಿಕೊಳ್ಳುವ ವಿಷಯವಲ್ಲ ಇದು, ದೇಶದಲ್ಲಿ ಉಳಿಯುವ ಹಕ್ಕಿಗೇ ಕುತ್ತು. ಸ್ವಲ್ಪ ಅನುಮಾನವಿದ್ದರೂ ವಲಸೆ ವಕೀಲರನ್ನು ಕೇಳಿ.

1967ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಮಿಸೌರಿಯಲ್ಲಿ ಬೇಟೆ ಸುರಕ್ಷತೆಯ ಪಾಠ ಮುಗಿಸಿ ಪ್ರಮಾಣಪತ್ರ ಪಡೆದಿರಬೇಕು. ಪಾಠವನ್ನು ಆನ್‌ಲೈನ್‌ನಲ್ಲಿ ಓದಬಹುದು. ಆಮೇಲೆ ವಸಂತದ ಟರ್ಕಿ ಪರ್ಮಿಟ್ ಕೊಳ್ಳಬೇಕು. ಮಿಸೌರಿ ಸಂರಕ್ಷಣಾ ಇಲಾಖೆ ಪ್ರತಿ ವರ್ಷ ಟರ್ಕಿ ಬೇಟೆಯ ಕಿರುಹೊತ್ತಗೆಯನ್ನು ಉಚಿತವಾಗಿ ಕೊಡುತ್ತದೆ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಆ ವರ್ಷದ ಪುಸ್ತಕವನ್ನೇ ಓದಿ. ನಾನು ಬರೆಯುವ ಹೊತ್ತಿಗೆ ಇದ್ದ ಮುಖ್ಯ ನಿಯಮಗಳು ಇವು: ಬೇಟೆ ಏಪ್ರಿಲ್‌ನ ಮೂರನೆಯ ಸೋಮವಾರ ಶುರುವಾಗಿ ಮೂರು ವಾರ ನಡೆಯುತ್ತದೆ. ಒಬ್ಬರಿಗೆ ಒಟ್ಟು ಎರಡು ಹಕ್ಕಿ, ಮೊದಲ ವಾರದಲ್ಲಿ ಒಂದೇ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಗುಂಡು ಹಾರಿಸಬಹುದು; ಸಾರ್ವಜನಿಕ ಕಾಡಿನಲ್ಲಿ ಮಧ್ಯಾಹ್ನ 1 ಗಂಟೆಗೆ ನಿಲ್ಲಿಸಬೇಕು. ಹುಂಜ ಅಥವಾ ಎದೆಯ ಗಡ್ಡ (ಎದೆಯಿಂದ ಕೂದಲಿನ ಜೊಂಪೆಯಂತೆ ಇಳಿಬಿದ್ದ ಗರಿಗಳು) ಕಾಣುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಕಾಳು ಚೆಲ್ಲಿ ಕರೆಯುವುದು, ಧ್ವನಿಮುದ್ರಿತ ಕೂಗು ಹಾಕುವುದು ಎರಡೂ ಅಪರಾಧ.

ಬೇಟೆಗಾರರು ಕೊಡುವ ಹಣ ಎಲ್ಲಿ ಹೋಗುತ್ತದೆ ಎಂದು ನನ್ನನ್ನು ಅನೇಕರು ಕೇಳಿದ್ದಾರೆ. ಕಾಡು ಕಡಿದು, ಲಂಗುಲಗಾಮಿಲ್ಲದೆ ಕೊಂದು, ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಈ ದೇಶ ಟರ್ಕಿಯನ್ನು ಬಹುಮಟ್ಟಿಗೆ ಕಳೆದುಕೊಂಡಿತ್ತು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ ಬೇಟೆಯ ಬಂದೂಕು ಮತ್ತು ತೋಟಾಗಳ ಮೇಲಿನ ಶೇ 11ರ ತೆರಿಗೆಯನ್ನು ವನ್ಯಜೀವಿ ಕೆಲಸಕ್ಕೆ ಮೀಸಲಿಟ್ಟಿತು. ಉಳಿದಿದ್ದ ಕಾಡು ಹಕ್ಕಿಗಳನ್ನು ಬಲೆ ಹಾರಿಸಿ ಹಿಡಿದು, ಖಾಲಿಯಾದ ಕಾಡುಗಳಿಗೆ ಒಯ್ದು ಬಿಟ್ಟರು. ಮಿಸೌರಿಯಲ್ಲಿ 1960ರಲ್ಲಿ ವಸಂತದ ಬೇಟೆ ಮತ್ತೆ ತೆರೆಯಿತು. ನಾನು ಪರ್ಮಿಟ್ ಕೊಳ್ಳುವಾಗ ಇದನ್ನು ನೆನೆಯುತ್ತೇನೆ, ಮಿತಿ ಮೀರಿ ಒಂದು ಹಕ್ಕಿಯನ್ನೂ ಹೊಡೆಯಬಾರದು ಎನ್ನುವುದಕ್ಕೆ ನನಗೆ ಬೇರೆ ಕಾರಣ ಬೇಕಾಗಿಲ್ಲ.

ಕೋವಿ, ಚರೆ, ಮತ್ತು ಕಾಗದದ ಮೇಲಿನ ಲೆಕ್ಕ

12 ಅಥವಾ 20 ಗೇಜ್‌ನ (ಗೇಜ್ ಎಂದರೆ ನಳಿಗೆಯ ಅಗಲದ ಅಳತೆ) ಚರೆ ಕೋವಿ, ಅಂದರೆ ಒಂದೇ ತೋಟಾದಿಂದ ನೂರಾರು ಸಣ್ಣ ಗುಂಡು ಹಾರಿಸುವ ಕೋವಿ ಸಾಕು. ಮಿಸೌರಿಯಲ್ಲಿ 4ನೆಯ ನಂಬರಿಗಿಂತ ದಪ್ಪದ ಚರೆ ಬಳಸುವಂತಿಲ್ಲ (ನಂಬರು ಇಳಿದಷ್ಟೂ ಚರೆ ದಪ್ಪ). ಕೋವಿಯಲ್ಲಿ ಒಟ್ಟು ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯಬಾರದು. ನಳಿಗೆಯ ತುದಿಗೆ ಹಾಕುವ ಚೋಕ್ ಬಿಗಿಯಾದದ್ದು ಇರಲಿ, ಚರೆ ಹರಡದೆ ಒತ್ತಾಗಿ ಹೋಗುತ್ತದೆ. ಟರ್ಕಿಯ ಮೈಗೆ ಹೊಡೆಯುವುದಿಲ್ಲ. ಗರಿಯ ರಾಶಿಯೊಳಗೆ ಚರೆ ಸಿಕ್ಕಿಕೊಂಡು ಹಕ್ಕಿ ಗಾಯದಲ್ಲಿ ಹಾರಿಹೋಗಿ ಎಲ್ಲೋ ನರಳಿ ಸಾಯುತ್ತದೆ. ಗುರಿ ತಲೆ ಮತ್ತು ಕುತ್ತಿಗೆಗೆ ಮಾತ್ರ.

ಹಾಗಾಗಿ ಬೇಟೆಗೆ ಎರಡು ವಾರ ಮೊದಲೇ ಗುರಿಮೈದಾನಕ್ಕೆ ಹೋಗಿ. ದೊಡ್ಡ ಕಾಗದದ ನಡುವೆ ಹತ್ತು ಇಂಚು ಅಡ್ಡಳತೆಯ ವೃತ್ತ ಬರೆದು ನಲವತ್ತು ಗಜದಿಂದ ಒಂದು ಗುಂಡು ಹಾರಿಸಿ. ವೃತ್ತದೊಳಗೆ ಸುಮಾರು ನೂರು ಚರೆ ಬಿದ್ದಿದ್ದರೆ ಆ ದೂರಕ್ಕೆ ನಿಮ್ಮ ಕೋವಿ, ಆ ತೋಟಾ ಒಗ್ಗಿವೆ ಎಂದು ಇಲ್ಲಿನ ಅನುಭವಿಗಳು ಎಣಿಸುತ್ತಾರೆ. ನಾನು ಪೆನ್ನಿನಿಂದ ಒಂದೊಂದೇ ತೂತಿಗೆ ಚುಕ್ಕೆ ಇಡುತ್ತ ಎಣಿಸಿದೆ. ಮೊದಲ ಬಗೆಯ ತೋಟಾದಲ್ಲಿ ನಲವತ್ತೊಂದು, ಅದೂ ಎಡಕ್ಕೆ ವಾಲಿತ್ತು. ಹಿಂದಿನ ವರ್ಷ ಅದೇ ತೋಟಾ ಹಿಡಿದು ಕಾಡಿಗೆ ಹೋಗಿದ್ದೆ ಎಂಬುದು ನೆನಪಾಗಿ ಕಸಿವಿಸಿಯಾಯಿತು. ಮೂರನೆಯ ಬಗೆಯದು ಮೂವತ್ತೈದು ಗಜದಲ್ಲಿ ನೂರ ಹತ್ತು ಕೊಟ್ಟಿತು. ಅಂದೇ ತೀರ್ಮಾನಿಸಿದೆ: ಮೂವತ್ತೈದು ಗಜದಾಚೆ ನನಗೆ ಹಕ್ಕಿ ಇಲ್ಲ.

ಬಟ್ಟೆಯ ವಿಷಯ ಚಿಕ್ಕದು, ಆದರೆ ಪ್ರಾಣದ್ದು. ತಲೆಯಿಂದ ಕಾಲಿನವರೆಗೆ ಕಾಡಿನ ಬಣ್ಣ, ಮುಖಕ್ಕೆ ಜಾಲರಿ, ಕೈಗೆ ಗವಸು. ಕೆಂಪು, ಬಿಳಿ, ನೀಲಿ ಎಲ್ಲಿಯೂ ಇಣುಕಬಾರದು, ಕಾಲುಚೀಲವೂ ಸೇರಿ. ಹುಂಜದ ತಲೆಯ ಬಣ್ಣಗಳು ಅವೇ. ಟರ್ಕಿಯ ಕೂಗು ಹಾಕುತ್ತ ಪೊದೆಯಲ್ಲಿ ಕುಳಿತವನು ಇನ್ನೊಬ್ಬ ಬೇಟೆಗಾರನ ಕಿವಿಗೆ ಟರ್ಕಿಯೇ. ಕಣ್ಣಿಗೂ ಹಾಗೆಯೇ ಕಂಡರೆ ಮುಂದಿನದು ಹೇಳಬೇಕಾಗಿಲ್ಲ.

ಇನ್ನು ರಕ್ತ ಹೀರುವ ಉಣ್ಣೆ ಹುಳ. ನಮ್ಮೂರಿನ ಕಾಡಿನಂತೆ ಇಲ್ಲಿಯೂ ಅದು ಉಂಟು, ಆದರೆ ಇಲ್ಲಿನ ಲೋನ್ ಸ್ಟಾರ್ ಎಂಬ ಜಾತಿ ಕಚ್ಚಿದರೆ ಕೆಲವರಿಗೆ ಕುರಿ, ಹಂದಿ, ದನದ ಮಾಂಸಕ್ಕೆ ಅಲರ್ಜಿ ಅಂಟಿಕೊಳ್ಳುತ್ತದೆ. ನಮ್ಮ ಕೊಡಗಿನ ಹಂದಿ ಸಾರು, ಪಂದಿ ಕರಿ ಬಿಟ್ಟು ಬದುಕುವುದು ಯಾರಿಗೆ ಬೇಕು? ಬಟ್ಟೆ, ಬೂಟುಗಳಿಗೆ ಹಿಂದಿನ ದಿನವೇ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಒಣಗಿಸಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದ ಕೂಡಲೇ ಮೈ ಹುಡುಕಿ.

ಕರೆಯುವುದನ್ನು ಕಲಿಯುವುದು

ವಸಂತದಲ್ಲಿ ಹುಂಜ ಹೇಂಟೆಯನ್ನು ಹುಡುಕುತ್ತಿರುತ್ತದೆ. ಹೇಂಟೆಯ ದನಿ ಮಾಡಿ ಹುಂಜವನ್ನು ಹತ್ತಿರಕ್ಕೆ ಕರೆಸಿಕೊಳ್ಳುವುದೇ ಈ ಬೇಟೆಯ ತಿರುಳು. ಹೊಸಬರಿಗೆ ಮರದ ಪೆಟ್ಟಿಗೆಯ ಕರೆ ಸುಲಭ: ಸೀಮೆಸುಣ್ಣ ಹಚ್ಚಿದ ಮುಚ್ಚಳವನ್ನು ಪೆಟ್ಟಿಗೆಯ ಅಂಚಿಗೆ ಉಜ್ಜಿದರೆ ದನಿ ಹೊರಡುತ್ತದೆ. ಮಳೆ ತಾಗಿದರೆ ಮಾತ್ರ ಮೂಕ, ಆದ್ದರಿಂದ ಪ್ಲಾಸ್ಟಿಕ್ ಚೀಲ ಜೊತೆಗಿರಲಿ. ಬಳಪದ ಕಲ್ಲಿನ ಬಿಲ್ಲೆಯನ್ನು ಕಡ್ಡಿಯಿಂದ ಗೀರುವ ಕರೆ ಇನ್ನೂ ಮೆದುವಾಗಿ ಮಾತಾಡುತ್ತದೆ. ನನಗೆ ಅದೇ ಇಷ್ಟ. ಬಾಯಲ್ಲಿ ಇಟ್ಟು ಊದುವ ಡಯಾಫ್ರಾಮ್‌ನಲ್ಲಿ ಎರಡೂ ಕೈ ಕೋವಿಗೆ ಬಿಡುವಾಗುತ್ತವೆ, ಆದರೆ ತಿಂಗಳುಗಟ್ಟಲೆ ಅಭ್ಯಾಸ ಬೇಕು.

ಕಲಿಯಬೇಕಾದ ಮಾತುಗಳು ಮೂರೇ. ಯೆಲ್ಪ್, ಅಂದರೆ ಐದಾರು ಸ್ವರಗಳ ಸಾಮಾನ್ಯ ಕರೆ. ಕ್ಲಕ್, ಒಂಟಿ ಚಿಕ್ಕ ಸದ್ದು. ಪರ್, ಹೊಟ್ಟೆ ತುಂಬಿದ ಹಕ್ಕಿಯ ನೆಮ್ಮದಿಯ ಗುರುಗುರು. ಯೆಲ್ಪ್‌ನಲ್ಲಿ ಸ್ವರಕ್ಕಿಂತ ಲಯ ಮುಖ್ಯ. ಸ್ವರ ಒಡಕಾದರೂ ಹುಂಜ ಕ್ಷಮಿಸುತ್ತದೆ, ಲಯ ತಪ್ಪಿದರೆ ಕ್ಷಮಿಸುವುದಿಲ್ಲ. ಬೆಚ್ಚಿದಾಗ ಟರ್ಕಿ ಹೊರಡಿಸುವ ಬಿರುಸಾದ ಪಟ್ ಸದ್ದನ್ನು ಗುರುತಿಸಲು ಕಲಿಯಿರಿ, ಎಂದೂ ನೀವು ಮಾಡಬೇಡಿ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ನನಗೆ ಇದನ್ನೆಲ್ಲ ತಮ್ಮ ಹಿತ್ತಿಲಲ್ಲಿ ಕೂರಿಸಿ ಕಲಿಸಿದರು. ಅವರ ಒಂದೇ ತಕರಾರು: "ತುಂಬ ಮಾತಾಡುತ್ತೀಯ. ಹೇಂಟೆ ಇಷ್ಟು ಕರೆಯುವುದಿಲ್ಲ."

ಜಾಗ ಹುಡುಕುವುದು

ಖಾಸಗಿ ಜಮೀನಾದರೆ ಮಾಲೀಕರ ಅನುಮತಿ ಬೇಕೇ ಬೇಕು. ಜಮೀನಿಲ್ಲದವರಿಗೆ ದಕ್ಷಿಣ ಮಿಸೌರಿಯ ಮಾರ್ಕ್ ಟ್ವೈನ್ ರಾಷ್ಟ್ರೀಯ ಅರಣ್ಯವಿದೆ, ಸುಮಾರು 15 ಲಕ್ಷ ಎಕರೆ. ಓಝಾರ್ಕ್ ಬೆಟ್ಟಗಳ ಓಕ್ ಮತ್ತು ಹಿಕರಿ ಮರಗಳ ಕಾಡು ಅದು. ಏಪ್ರಿಲ್‌ನಲ್ಲಿ ಅಲ್ಲಿ ಡಾಗ್‌ವುಡ್ ಮರಗಳು ಬಿಳಿಯಾಗಿ ಅರಳಿರುತ್ತವೆ, ಬುಡದಲ್ಲಿ ಮೋರೆಲ್ ಅಣಬೆ ಏಳುತ್ತದೆ.

ಬೇಟೆಗೆ ಮೊದಲಿನ ಎರಡು ಮೂರು ವಾರಾಂತ್ಯ ಕೋವಿ ಇಲ್ಲದೆ ಕಾಡು ಸುತ್ತಿ. ಒಣ ಎಲೆಗಳನ್ನು ಕೆದರಿ ನೆಲ ಬರಿದಾದ ಜಾಗ, ದೂಳುಸ್ನಾನ ಮಾಡಿದ ಗುಳಿ, ಮರದಡಿಯ ಹಿಕ್ಕೆ ನೋಡಿ. ಹುಂಜದ ಹಿಕ್ಕೆ ಉದ್ದಕ್ಕಿದ್ದು ತುದಿಯಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ, ಹೇಂಟೆಯದು ಸುರುಳಿ ಸುತ್ತಿದ ಮುದ್ದೆ. ಟರ್ಕಿ ರಾತ್ರಿ ಎತ್ತರದ ಮರದ ಮೇಲೆ ಮಲಗುತ್ತದೆ. ಕತ್ತಲಾಗುವ ಹೊತ್ತಿಗೆ ಗೂಬೆಯಂತೆ ಕೂಗಿದರೆ ಕೊಂಬೆ ಏರಿದ ಹುಂಜ ತಡೆಯಲಾರದೆ ಗಳಗಳ ಎಂದು ಉತ್ತರ ಕೊಡುವುದುಂಟು. ಆ ಮರ ಎಲ್ಲಿದೆ ಎಂದು ಗುರುತು ಹಾಕಿಕೊಂಡು ಸದ್ದಿಲ್ಲದೆ ಹಿಂದಿರುಗಿ. ಕರೆಯನ್ನು ಆಗ ಬಳಸಬೇಡಿ.

ಆ ಬೆಳಗ್ಗೆ

ಕೂರಲು ನಿಮ್ಮ ಭುಜಕ್ಕಿಂತ ಅಗಲವಾದ ಬುಡದ ಮರ ಬೇಕು. ಬೆನ್ನು ಅದಕ್ಕೆ ಒರಗಿರಲಿ. ಹಿಂದಿನಿಂದ ಯಾರಾದರೂ ತಪ್ಪಾಗಿ ಹೊಡೆದರೂ ಮರ ಕಾಯುತ್ತದೆ. ಮಂಡಿ ಮಡಚಿ, ಎಡಮಂಡಿಯ ಮೇಲೆ ಕೋವಿ ಇಟ್ಟು, ಹಕ್ಕಿ ಬರಬಹುದಾದ ಕಡೆಗೆ ಎಡಭುಜ ತಿರುಗಿಸಿ ಕೂರಿ (ಎಡಗೈಯಲ್ಲಿ ಹೊಡೆಯುವವರಿಗೆ ಇದು ತಿರುವುಮುರುವು). ಮೂವತ್ತೈದು ಗಜದಲ್ಲಿ ಒಂದು ಕಲ್ಲನ್ನೋ ಮರವನ್ನೋ ಗುರುತು ಮಾಡಿಕೊಳ್ಳಿ. ಹುಸಿಹಕ್ಕಿ, ಅಂದರೆ ಡಿಕಾಯ್ ಇಡುವುದಾದರೆ ಇಪ್ಪತ್ತು ಗಜದಲ್ಲಿ ಇಡಿ. ಕಾಡಿನೊಳಗೆ ಒಯ್ಯುವಾಗ ಅದು ಚೀಲದೊಳಗೆ ಪೂರ್ತಿ ಮುಚ್ಚಿರಬೇಕು.

ಆ ದಿನ ಐದೂ ಕಾಲಿಗೆ ನಾನು ಮರದ ಬುಡ ಸೇರಿದೆ. ಮಲಗಿದ್ದ ಹುಂಜಕ್ಕೆ ನೂರೈವತ್ತು ಗಜ ದೂರ. ಅದಕ್ಕಿಂತ ಹತ್ತಿರ ಹೋದರೆ ಕೊಂಬೆಯ ಮೇಲಿಂದಲೇ ನಿಮ್ಮನ್ನು ನೋಡಿಬಿಡುತ್ತದೆ. ಟರ್ಕಿಗೆ ವಾಸನೆಯ ಶಕ್ತಿ ಅಷ್ಟಕ್ಕಷ್ಟೆ, ಕಣ್ಣು ಮಾತ್ರ ಅಸಾಧ್ಯ. ತಲೆಯ ಎರಡು ಬದಿಗೆ ಕಣ್ಣಿರುವುದರಿಂದ ಕೊಂಚ ಕತ್ತು ಆಡಿಸಿದರೆ ಸುತ್ತಲೂ ಕಾಣುತ್ತದೆ, ಬಣ್ಣವೂ ಕಾಣುತ್ತದೆ.

ಬೆಳಕು ಹರಿಯುತ್ತಿದ್ದಂತೆ ಹುಂಜ ಕೂಗಿತು. ಆ ಕೂಗು ಕಿವಿಗೆ ಬೀಳುವುದಕ್ಕಿಂತ ಪಕ್ಕೆಲುಬಿಗೆ ಬಡಿಯುತ್ತದೆ. ನಾನು ಬಿಲ್ಲೆಯ ಮೇಲೆ ನಾಲ್ಕು ಮೆದು ಯೆಲ್ಪ್ ಗೀರಿ ಕೈ ಕೆಳಗಿಟ್ಟೆ. ಅದು ಮರದಿಂದ ಇಳಿಯಿತು, ನಿಜವಾದ ಹೇಂಟೆಗಳ ಜೊತೆ ಕಣಿವೆಯಾಚೆ ಹೊರಟುಹೋಯಿತು. ಕೂಗು ದೂರವಾಗುತ್ತ ಏಳೂವರೆಗೆ ನಿಂತೇಹೋಯಿತು.

ಹೊಸಬರು ಸೋಲುವುದು ಇಲ್ಲಿಯೇ, ನಾನೂ ಎರಡು ವರ್ಷ ಇಲ್ಲಿಯೇ ಸೋತದ್ದು. ಸದ್ದಿಲ್ಲ ಎಂದರೆ ಹಕ್ಕಿ ಇಲ್ಲ ಎಂದು ಎದ್ದುಬಿಡುತ್ತೇವೆ, ಇಲ್ಲವೇ ಕೂಗಿನ ಹಿಂದೆ ಹೋಗುತ್ತೇವೆ. ಹಿಂದೆ ಹೋಗುವುದು ಅಪಾಯ, ಅಲ್ಲಿ ಕರೆಯುತ್ತಿರುವುದು ಇನ್ನೊಬ್ಬ ಮನುಷ್ಯನಾಗಿರಬಹುದು. ಕಾಯುವುದಕ್ಕೆ ಕಾರಣವೂ ಇದೆ. ಹೇಂಟೆಗಳು ಮುಂಜಾನೆ ಕಳೆದ ಮೇಲೆ ಮೊಟ್ಟೆಯಿಡಲು ಗೂಡಿಗೆ ಸರಿಯುತ್ತವೆ. ಒಂಟಿಯಾದ ಹುಂಜಕ್ಕೆ ಬೆಳಗ್ಗೆ ಕೇಳಿದ ಆ ಇನ್ನೊಂದು ಹೇಂಟೆಯ ನೆನಪಾಗುತ್ತದೆ. ಒಂಬತ್ತರಿಂದ ಹನ್ನೊಂದರ ನಡುವೆ, ಹಲವು ಸಲ ಒಂದೂ ಕೂಗಿಲ್ಲದೆ, ಅದು ಆ ಜಾಗಕ್ಕೆ ನಡೆದು ಬರುತ್ತದೆ.

ಅಷ್ಟರವರೆಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಕ್ಲಕ್, ಎರಡು ಯೆಲ್ಪ್, ಸಾಕು. ಕುಳಿತಲ್ಲಿಗೆ ಬೇರೊಬ್ಬ ಬೇಟೆಗಾರ ಬಂದರೆ ಕೈ ಬೀಸಬೇಡಿ, ಅಲುಗಾಡಬೇಡಿ, ಟರ್ಕಿಯ ದನಿಯನ್ನಂತೂ ಮಾಡಲೇಬೇಡಿ. ಮನುಷ್ಯರ ದನಿಯಲ್ಲಿ ಗಟ್ಟಿಯಾಗಿ ಮಾತಾಡಿ. ಅಂದು ಹಕ್ಕಿ ಹೋದರೆ ಹೋಗಲಿ.

ಒಂಬತ್ತೂ ಮುಕ್ಕಾಲಿಗೆ ನನ್ನ ಗವಸಿನ ಅಂಚಿನಲ್ಲಿ ಒಂದು ಉಣ್ಣೆ ಮೇಲೆ ಹತ್ತುತ್ತಿತ್ತು. ಅದನ್ನು ಕೊಡವಬೇಕೆಂದು ಬೆರಳು ಎತ್ತುವ ಮೊದಲೇ ಎಡಗಡೆಯಿಂದ ಒಂದು ಸದ್ದು ಬಂತು: ಟ್ಸ್ ಎಂದು ಉಗುಳಿದಂತೆ, ಹಿಂದೆಯೇ ದೂರದ ಲಾರಿಯ ಇಂಜಿನಿನಂಥ ತಗ್ಗಿದ ಗುಂಯ್. ಹುಂಜ ಬಾಲ ಬಿಚ್ಚಿ ರೆಕ್ಕೆ ನೆಲಕ್ಕೆ ಎಳೆದಾಡುವಾಗ ಹೊರಡಿಸುವ ಸದ್ದು ಅದು, ಹತ್ತಿರವಿದ್ದರೆ ಮಾತ್ರ ಕೇಳುತ್ತದೆ. ಉಣ್ಣೆಯನ್ನು ಅದರ ಪಾಡಿಗೆ ಬಿಟ್ಟೆ. ಬಿಸಿಲು ಬಿದ್ದ ಕಡೆ ಗರಿಗಳು ತಾಮ್ರದಂತೆ, ನೆರಳಲ್ಲಿ ಇದ್ದಿಲಿನಂತೆ. ಕೊಕ್ಕಿನ ಮೇಲಿನ ತೊಗಲು ಜೋತು ಬಿದ್ದಿತ್ತು, ನೆತ್ತಿ ಸುಣ್ಣದಷ್ಟು ಬಿಳಿ, ಕೆನ್ನೆ ನೀಲಿ, ಕೊರಳು ಕೆಂಪು. ಎದೆಯಿಂದ ಗಡ್ಡ ನೆಲ ಮುಟ್ಟುವಷ್ಟು ಇಳಿದಿತ್ತು. ಅದು ದಪ್ಪ ಮರದ ಹಿಂದೆ ಮರೆಯಾದ ಆ ಎರಡು ಕ್ಷಣದಲ್ಲಿ ಕೋವಿಯನ್ನು ಆ ಕಡೆಗೆ ಸರಿಸಿದೆ. ಕೋವಿ ಆಡಿಸಲು ಬೇರೆ ಹೊತ್ತಿಲ್ಲ, ಹಕ್ಕಿಯ ಕಣ್ಣಿಗೆ ಅಡ್ಡ ಏನಾದರೂ ಇರಬೇಕು.

ಬಾಲ ಬಿಚ್ಚಿ ನಿಂತಿರುವಾಗ ಹೊಡೆಯಬೇಡಿ, ಕುತ್ತಿಗೆ ಮೈಯೊಳಗೆ ಮಡಚಿರುತ್ತದೆ. ಗಡ್ಡ ಕಂಡಿದೆಯೇ, ಹಿಂದೆ ಬೇರೆ ಹಕ್ಕಿ ಅಥವಾ ಮನುಷ್ಯರಿಲ್ಲವೇ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಒಂದು ಕ್ಲಕ್ ಮಾಡಿ. ಹುಂಜ ಗರಿ ಮುದುರಿ ಕತ್ತು ನೀಳವಾಗಿ ಎತ್ತಿ ನೋಡುತ್ತದೆ. ಕೆನ್ನೆಯನ್ನು ಕೋವಿಯ ಹಿಡಿಗೆ ಒತ್ತಿ, ತಲೆ ಎತ್ತದೆ, ಕುತ್ತಿಗೆಯ ನಡುವಿಗೆ ಗುರಿ ಇಟ್ಟು ಟ್ರಿಗರ್ ಮೆಲ್ಲನೆ ಒತ್ತಿ. ನನ್ನ ಹಕ್ಕಿ ಇಪ್ಪತ್ತೇಳು ಗಜದಲ್ಲಿತ್ತು. ಒಂದೇ ಈಡಿಗೆ ಬಿತ್ತು.

ಬಿದ್ದ ಮೇಲೆ

ಓಡಬೇಡಿ. ಸೇಫ್ಟಿ ಹಾಕಿ, ಇನ್ನೊಂದು ಈಡಿಗೆ ಸಿದ್ಧವಿದ್ದು ನಡೆದು ಹೋಗಿ. ಸತ್ತ ಹಕ್ಕಿಯೂ ಒಂದು ನಿಮಿಷ ರೆಕ್ಕೆ ಬಡಿಯುತ್ತದೆ. ಕಾಲಿನ ಮುಳ್ಳುಗಳು ಕೈ ಸೀಳಬಲ್ಲವು, ಬಡಿತ ನಿಲ್ಲುವವರೆಗೆ ಕಾಲು ಮುಟ್ಟಬೇಡಿ. ಆಮೇಲೆ ತೋಟಾ ತೆಗೆದು ಕೋವಿಯನ್ನು ಪಕ್ಕಕ್ಕಿಡಿ. ನಾನು ಅದರ ಬಳಿ ಕುಳಿತು ರೆಕ್ಕೆಯ ಮೇಲೆ ಕೈ ಇಟ್ಟೆ. ಇನ್ನೂ ಬೆಚ್ಚಗಿತ್ತು. ಸಂತೋಷದ ಜೊತೆಗೆ ಗಂಟಲು ಕಟ್ಟಿತು. ನಿಮಗೂ ಹಾಗಾದರೆ ಎದ್ದು ಹೋಗುವ ಆತುರ ಮಾಡಬೇಡಿ.

ಪರ್ಮಿಟ್‌ನಲ್ಲಿ ದಿನಾಂಕದ ಗುರುತನ್ನು ಅಲ್ಲಿಯೇ ಹಾಕಬೇಕು. ಅದೇ ದಿನ ರಾತ್ರಿ 10ರೊಳಗೆ ಇಲಾಖೆಗೆ ಫೋನಿನಲ್ಲೋ ಆ್ಯಪ್‌ನಲ್ಲೋ ವರದಿ ಮಾಡಬೇಕು. ಹೊತ್ತು ತರುವಾಗ ಹಕ್ಕಿಯನ್ನು ಕಿತ್ತಳೆ ಬಣ್ಣದ ಬಟ್ಟೆಯಲ್ಲಿ ಸುತ್ತಿ. ಹೆಗಲ ಮೇಲೆ ರೆಕ್ಕೆ ಜೋತಾಡಿಸಿಕೊಂಡು ಬರುವವನು ದೂರದಿಂದ ನಡೆದಾಡುವ ಟರ್ಕಿಯಂತೆ ಕಾಣುತ್ತಾನೆ.

ಏಪ್ರಿಲ್ ಕೊನೆಗೆ ಬಿಸಿಲು ಏರುತ್ತದೆ, ಆದ್ದರಿಂದ ಬೇಗ ಕರುಳು ತೆಗೆದು ಮೈಯೊಳಗೆ ಗಾಳಿಯಾಡಲು ಬಿಡಿ, ಕಾರಿನಲ್ಲಿ ಐಸ್ ಪೆಟ್ಟಿಗೆ ಇರಲಿ. ಎದೆಯ ಮಾಂಸವನ್ನು ಎಲುಬಿನಿಂದ ಬಿಡಿಸಿ ಬೇರೆ ಇಡಿ, ತೊಡೆ ಮತ್ತು ಕಾಲು ಬೇರೆ. ಕತ್ತಿನ ಹತ್ತಿರದ ಮಾಂಸವನ್ನು ಬೆರಳಿನಿಂದ ಒತ್ತಿ ಒತ್ತಿ ಚರೆ ಹುಡುಕಿ ತೆಗೆಯಿರಿ. ಚರೆಯ ಜೊತೆ ಗರಿಯ ಎಳೆಯೂ ಒಳಗೆ ಹೋಗಿರುತ್ತದೆ.

ಎದೆಯಲ್ಲಿ ಕೊಬ್ಬಿಲ್ಲ. ಅಂಗಡಿಯ ಟರ್ಕಿಯಂತೆ ಇಡಿಯಾಗಿ ಹುರಿದರೆ ಒಣಗಿ ನಾರಾಗುತ್ತದೆ. ಎಳೆಗೆ ಅಡ್ಡವಾಗಿ ತೆಳ್ಳಗೆ ಕತ್ತರಿಸಿ, ಮೊಸರು, ಕಾಳುಮೆಣಸು, ಉಪ್ಪಿನಲ್ಲಿ ರಾತ್ರಿಯಿಡೀ ನೆನೆಸಿ, ದೊಡ್ಡ ಉರಿಯಲ್ಲಿ ಬೇಗ ಬಾಡಿಸಿ. ಒಳಗಿನ ಶಾಖ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಆಯಿತು. ಕಾಲು ಮತ್ತು ತೊಡೆ ನಮ್ಮ ಮಸಾಲೆಗೆ ಹೇಳಿ ಮಾಡಿಸಿದ್ದು. ಕೊತ್ತಂಬರಿ, ಜೀರಿಗೆ, ಸಾಸಿವೆ, ಕಾಳುಮೆಣಸನ್ನು ಕಪ್ಪಗಾಗುವ ತನಕ ಹುರಿದು ಪುಡಿ ಮಾಡಿಕೊಂಡು, ಈರುಳ್ಳಿ, ಬೆಳ್ಳುಳ್ಳಿ, ಶುಂಠಿಯೊಂದಿಗೆ ಕುಕ್ಕರ್‌ನಲ್ಲಿ ಬೇಯಿಸಿ. ನನ್ನ ಹಕ್ಕಿಗೆ ಐದು ಕೂಗು ಸಾಲದೆ ಎಂಟು ಹಿಡಿಯಿತು. ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿ, ಎಷ್ಟು ಹಾಕಲಿ ಎಂದು ಊರಿಗೆ ಫೋನು ಮಾಡಿ ಕೇಳಿದೆ. "ಎಷ್ಟು ಎನ್ನುವುದು ಆಮೇಲೆ. ಮಾಂಸ ಬೆಂದ ಮೇಲೆ ಹಾಕು, ಮೊದಲೇ ಹಾಕಿದರೆ ಗಟ್ಟಿಯಾಗುತ್ತದೆ" ಎಂದರು ಅವ್ವ. ಒಂದೂವರೆ ಚಮಚ ಹಾಕಿದೆ, ಸರಿಹೋಯಿತು. ಅರ್ಧ ಪಾತ್ರೆ ಮೇಷ್ಟ್ರ ಮನೆಗೆ ಹೋಯಿತು, ಅಕ್ಕಿ ರೊಟ್ಟಿಯ ಜೊತೆ. ಮೆಲ್ಲಗೆ ಅಗಿಯಿರಿ ಎಂದು ಅವರಿಗೂ ಹೇಳಿ ಕಳಿಸಿದೆ. ಎಷ್ಟು ಹುಡುಕಿದರೂ ಒಂದೆರಡು ಚರೆ ಉಳಿದೇ ಇರುತ್ತವೆ.